ಟ್ವಿಸ್ಟ್‌ಗೆ ಕಾಯಿಲೆಯೇ ಬೇಕಾ?

ಇಂಟರ್ನಲ್ಸ್ ಹಿಂದಿನ ರಾತ್ರಿಯೂ ನಾವು ಥ್ರಿಲ್ಲರ್ ಬಿಟ್ಟವರಲ್ಲ. ಪೌಲಾ ಹಾಕಿನ್ಸ್ ಅವರ ‘ದ ಗರ್ಲ್ ಆನ್ ದ ಟ್ರೇನ್’ (2015) ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡಿ ರಟ್ಟೇ ಕಿತ್ತುಹೋಯ್ತು. ಕುಡಿದು ನೆನಪು ಕಳೆದುಕೊಳ್ಳುವ ರೇಚಲ್ ಮಾತನ್ನು ಕಥೆಯೊಳಗೆ ಯಾರೂ ನಂಬಲ್ಲ, ನಾವೂ ನಂಬಲಿಲ್ಲ. ಕೊನೆಗೆ ನೋಡಿದರೆ (ಓದದವರು ಕ್ಷಮಿಸಿ) ಸುಳ್ಳುಗಾರ ಬೇರೆಯವನೇ! ಆ ಪೆಟ್ಟು ನಮಗೇ ಬಿತ್ತು, ಅದಕ್ಕೇ ಪುಸ್ತಕ ಇಷ್ಟವಾಯ್ತು.

ಎಷ್ಟೋ ಥ್ರಿಲ್ಲರ್‌ಗಳು ಇಷ್ಟು ಕಷ್ಟಪಡೋದೇ ಇಲ್ಲ. ಯಾಕೆ ಕೊಂದ? ಮಾನಸಿಕ ಕಾಯಿಲೆ, ಮುಗೀತು. ರಾಬರ್ಟ್ ಬ್ಲಾಕ್ 1959ರಲ್ಲೇ ‘ಸೈಕೋ’ದಲ್ಲಿ ತುಳಿದ ಜಾಡು ಅದು. ಈಗಲೂ ಅದನ್ನೇ ತುಳಿಯೋದು ಸೋಮಾರಿತನ ಅಂತ ನಮ್ಮ ವಾದ. ಓದಿ ಮುಗಿಸಿದ ನಾವು ಕಾರಿಡಾರ್‌ನಲ್ಲಿ ಒಬ್ಬರನ್ನೊಬ್ಬರು ‘ಲೇ ಸೈಕೋ’ ಅಂತ ಕರೀತೀವಿ. ಅದೇ ಕಾರಿಡಾರ್‌ನ ಗೆಳೆಯನೊಬ್ಬ ಕೌನ್ಸೆಲರ್ ಹತ್ತಿರ ಹೋಗೋವಾಗ ‘ಝೆರಾಕ್ಸ್ ಮಾಡಿಸ್ಕೊಂಡ್ ಬರ್ತೀನಿ’ ಅಂತ ಹೇಳಿ ಹೋಗ್ತಾನೆ.