ದೋಷ ರಕ್ತದ್ದೋ, ವಿಷದ್ದೋ?

ನಮ್ಮ ಬೆಟ್ಟದೂರಿನ ಮನೆಯೊಂದರಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ ನೆಂಟರಿಷ್ಟರು ಮೊದಲು ನೋಡಿದ್ದು ತಾಯಿಯ ಮುಖವನ್ನು. ‘ಅವಳ ತವರಿನ ರಕ್ತವೇ ಸರಿಯಿಲ್ಲ’ ಎಂಬ ಮಾತು ಸಂಜೆಯೊಳಗೆ ಊರು ಸುತ್ತಿತು. ಈಗ ಇಂಥ ಮಾತಿಗೆ ವಿಜ್ಞಾನದ ಉಡುಪೂ ದೊರೆತಿದೆ. ವಿಷವಸ್ತುಗಳ ಬಗ್ಗೆ ಪ್ರಶ್ನೆಯೆತ್ತಿದರೆ ‘ಎಲ್ಲವೂ ವಂಶವಾಹಿಯಲ್ಲಿ ಬರೆದಿದೆ’ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಹಣೆಬರಹವೆಂಬ ಹಳೆಯ ನೆಪಕ್ಕೆ ಇದು ಹೊಸ ಹೆಸರು, ಅಷ್ಟೆ.

ವಿಜ್ಞಾನ ಹೇಳುವುದೇನು? 2009ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಎರಡು ತಂಡಗಳು ಮಕ್ಕಳ ಲ್ಯುಕೇಮಿಯಾದೊಡನೆ ನಂಟಿರುವ ವಂಶವಾಹಿ ಭೇದಗಳನ್ನು ಗುರುತಿಸಿದವು. ಎಆರ್‌ಐಡಿ5ಬಿ, ಐಕೆಜಡ್‌ಎಫ್1 ಎಂಬ ವಂಶವಾಹಿಗಳಲ್ಲಿನ ಈ ಭೇದಗಳು ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಅಂಥ ಒಂದು ಪ್ರತಿ ಅಪಾಯವನ್ನು ಹೆಚ್ಚಿಸುವುದು ಎರಡು ಪಟ್ಟಿಗಿಂತಲೂ ಕಡಿಮೆ. ರೋಗವೇ ವಿರಳವಾದ್ದರಿಂದ, ಭೇದ ಹೊತ್ತ ಬಹುಪಾಲು ಮಕ್ಕಳು ಆರೋಗ್ಯದಿಂದಲೇ ಬೆಳೆಯುತ್ತಾರೆ. ಹಾಗಿರುವಾಗ ತಾಯಿಯನ್ನು ಕಟಕಟೆಗೆ ಏರಿಸುವ ಅಧಿಕಾರ ಯಾರಿಗಿದೆ?

ಇನ್ನು ಬೆಂಜೀನ್. ಇದು ಲ್ಯುಕೇಮಿಯಾ ತರುವ ವಸ್ತುವೆಂಬುದು ಸಿದ್ಧಪಟ್ಟ ಸಂಗತಿ. ಅಮೆರಿಕದ ಕಾನೂನು 1987ರಲ್ಲಿ ಕೆಲಸದ ಸ್ಥಳಗಳಿಗೆ ವಿಧಿಸಿದ ಮಿತಿ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಚೀನಾದ ಟಿಯಾಂಜಿನ್ ಬಳಿ ಬೆಂಜೀನ್ ಸೋಂಕಿನಲ್ಲಿ ಪಾದರಕ್ಷೆ ತಯಾರಿಸುತ್ತಿದ್ದ 250 ಕಾರ್ಮಿಕರ ರಕ್ತಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆ ಮಿತಿಗಿಂತ ಕಡಿಮೆ ಬೆಂಜೀನ್ ಉಸಿರಾಡಿದವರಲ್ಲೂ ರಕ್ತಕಣಗಳು ಇಳಿದಿದ್ದವು. ಎನ್‌ಕ್ಯೂಒ1, ಎಂಪಿಒ ವಂಶವಾಹಿಗಳ ಕೆಲವು ಭೇದಗಳುಳ್ಳವರಿಗೆ ಈ ಹಾನಿ ಇನ್ನೂ ಸುಲಭವಾಗಿ ತಟ್ಟುತ್ತಿತ್ತು. ಕಣಗಳ ಇಳಿಕೆಯೇ ಲ್ಯುಕೇಮಿಯಾ ಅಲ್ಲ. ಆದರೆ ಮಜ್ಜೆಗೆ ಪೆಟ್ಟು ಬಿದ್ದುದರ ಕುರುಹು ಅದು.

ಇದರ ಅರ್ಥ ಸ್ಪಷ್ಟ. ವಂಶವಾಹಿಯ ಭೇದ ವಿಷದ ಅಪರಾಧವನ್ನು ಹಗುರಗೊಳಿಸುವುದಿಲ್ಲ, ಭಾರವಾಗಿಸುತ್ತದೆ. ಸರಾಸರಿ ಮನುಷ್ಯನನ್ನು ಮುಂದಿಟ್ಟುಕೊಂಡು ಗೆರೆ ಎಳೆದರೆ ದುರ್ಬಲನು ಗೆರೆಯಾಚೆ ಉಳಿಯುತ್ತಾನೆ. ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕೆಲವು ಭತ್ತದ ತಳಿಗಳು ಬೆಂಕಿರೋಗಕ್ಕೆ ಬೇಗ ಸೋಲುತ್ತವೆ. ಆದರೆ ರೋಗದ ಶಿಲೀಂಧ್ರ ತಗಲದ ಗದ್ದೆಯಲ್ಲಿ ಅವೂ ತೆನೆ ತುಂಬುತ್ತವೆ.

‘ಮಿತಿಯೊಳಗಿದ್ದರೆ ಸುರಕ್ಷಿತ’ ಎಂಬ ಭರವಸೆಯನ್ನು ನಾವು ಹಿಂದೆಯೂ ನಂಬಿದ್ದೇವೆ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಬಳಿಯಿರಿ ಎಂದು ಶಿಫಾರಸು ಮಾಡಿದವರು ನನ್ನದೇ ವೃತ್ತಿಯವರು. ಭಾರತದಲ್ಲಿ ಅದರ ಬಳಕೆ ನಿಷೇಧವಾದದ್ದು 2013ರಲ್ಲಿ. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದು ತರುವುದು ದುಗ್ಧಗ್ರಂಥಿಗಳ ಕ್ಯಾನ್ಸರ್. ಅಷ್ಟರಲ್ಲಿ ಎಷ್ಟು ಕೈಗಳು ಆ ಡಬ್ಬಿಯೊಳಗೆ ಅದ್ದಿದ್ದವು!

ಆದ್ದರಿಂದ ನಮ್ಮ ಬೇಡಿಕೆ ನೇರವಾಗಿರಲಿ. ಔಷಧಿ ಹೊಡೆಯುವವರಿಗೂ ಪೆಟ್ರೋಲ್ ಬಂಕಿನ ನೌಕರರಿಗೂ ವರ್ಷಕ್ಕೊಮ್ಮೆ ಉಚಿತ ರಕ್ತಪರೀಕ್ಷೆಯಾಗಲಿ. ಮಿತಿಗಳನ್ನು ಅತಿ ದುರ್ಬಲರನ್ನು ಗಮನದಲ್ಲಿಟ್ಟು ನಿಗದಿಮಾಡಲಿ. ವಂಶವಾಹಿ ಪರೀಕ್ಷೆಯ ಹೆಸರಿನಲ್ಲಿ ಕಾರ್ಮಿಕನನ್ನು ಹೊರಹಾಕುವುದು ಬೇಡ, ವಿಷವನ್ನು ಹೊರಹಾಕಲಿ. ನಾವೂ ಅಷ್ಟೆ: ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಕಳೆ ಕೊಚ್ಚುವ ಯಂತ್ರಕ್ಕೆಂದು ಅದನ್ನು ಕೊಳವೆಯಿಟ್ಟು ಬಾಯಿಂದ ಎಳೆಯುವ, ಅದರಲ್ಲೇ ಕೈ ತೊಳೆಯುವ ರೂಢಿಯನ್ನು ಇಂದೇ ಬಿಡೋಣ.

ರಕ್ತವನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಗಾಳಿಗೆ, ಮಣ್ಣಿಗೆ ಏನನ್ನು ಬೆರೆಸಬೇಕೆಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸುತ್ತಾರೆ. ಪ್ರಶ್ನೆ ಕೇಳಬೇಕಾದ್ದು ಅವರನ್ನು, ಆ ತಾಯಿಯನ್ನಲ್ಲ.