ಎಸೆಯಬೇಡಿ, ಬೆಸೆಯಲೂ ಬೇಡಿ

ಮುಂಬಯಿಯ ನಮ್ಮ ಬಳಗದ ಹಳೆಯ ಕಂಪ್ಯೂಟರನ್ನು ಏನು ಮಾಡಬೇಕೆಂಬ ಚರ್ಚೆ ಮೂರು ಸಭೆಗಳನ್ನು ನುಂಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಭದ್ರತಾ ಚಿಪ್ಪು ನಮ್ಮ ಯಂತ್ರದಲ್ಲಿಲ್ಲ. ಗುಜರಿಗೆ ಹಾಕಿ ಹೊಸದನ್ನು ಕೊಳ್ಳೋಣ ಎನ್ನುವುದು ಒಂದು ಪಕ್ಷ. ಒಂದು ಎಸ್‌ಎಸ್‌ಡಿ ತಂದು, ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಅದರೊಳಗೇ ಕೂರಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬರಿಯ ಉಗ್ರಾಣವಾಗಿಸೋಣ ಎನ್ನುವುದು ಇನ್ನೊಂದು. ಎರಡೂ ತಪ್ಪೆಂಬುದು ನನ್ನ ವಾದ.

ಆ ಡಿಸ್ಕಿನಲ್ಲಿ ಇರುವುದಾದರೂ ಏನು? ಎರಡು ದಶಕಗಳ ಸ್ಮರಣ ಸಂಚಿಕೆಗಳು. ಅವುಗಳಲ್ಲಿ ಬರೆದವರ ಪೈಕಿ ಹಲವರು ಇಂದು ನಮ್ಮೊಡನಿಲ್ಲ. ಅವರ ಕೈಬರಹದ ಹಾಳೆಗಳನ್ನು ಈ ಊರಿನ ಮಳೆಗಾಲದ ತೇವ ಎಂದೋ ತಿಂದುಹಾಕಿತು. ಉಳಿದಿರುವುದು ಪೇಜ್‌ಮೇಕರ್ ಕಡತಗಳು ಮಾತ್ರ. ಪೆನ್ ಡ್ರೈವಿಗೆ ನಕಲು ಮಾಡಿಕೊಂಡರೆ ಸಾಲದೇ ಎಂದು ಕೇಳುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ನಮ್ಮ ಅಚ್ಚಿನ ಕೆಲಸ ಬಹುಕಾಲ ನಡೆದದ್ದು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಕಡೆ ಅದೇ ಕಡತವನ್ನು ತೆರೆದರೆ ಕಾಣಿಸುವುದು ಕನ್ನಡವಲ್ಲ; ರೋಮನ್ ಅಕ್ಷರಗಳ ನಡುವೆ ಪೌಂಡು ನಾಣ್ಯದ ಚಿಹ್ನೆ, ಅರ್ಥವಿಲ್ಲದ ಸೊನ್ನೆ ಸುತ್ತು. ಕಡತ ಉಳಿದು ಭಾಷೆ ಅಳಿದಿರುತ್ತದೆ. ಆದ್ದರಿಂದ ಕಡತ, ಫಾಂಟು, ತಂತ್ರಾಂಶ, ಅವು ನಡೆಯುವ ವಿಂಡೋಸ್ ಇವೆಲ್ಲ ಇದ್ದಂತೆಯೇ ಉಳಿಯಬೇಕು, ಕೊನೆಯ ಪುಟ ಯೂನಿಕೋಡಿಗೆ ದಾಟುವವರೆಗೆ.

ಹಾಗೆಂದು ಹಳೆಯದರಲ್ಲೇ ಕೊಳೆಯಬೇಕೆಂದು ನಾನು ಹೇಳುತ್ತಿಲ್ಲ. ಯಂತ್ರ ನಿಧಾನವಾಗಿರುವುದಕ್ಕೆ ಅದರ ವಯಸ್ಸಿಗಿಂತ ಡಿಸ್ಕಿನ ಸ್ವಭಾವವೇ ಹೆಚ್ಚಿನ ಕಾರಣ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಓದುವ ತೋಳು ಸರಿದು ಬರುವ ಹೊತ್ತು ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಕೊಂಡು ಲಿನಕ್ಸ್ ಹಾಕಿದರೆ ಪತ್ರವ್ಯವಹಾರ, ಬ್ಲಾಗು, ಹೊಸ ಲೇಖನಗಳ ಟೈಪಿಂಗ್ ಎಲ್ಲವೂ ಸಲೀಸು. ಕಗಪ ಕೀಲಿಮಣೆ ಅದರಲ್ಲಿ ಸಿದ್ಧವಾಗಿಯೇ ಬರುತ್ತದೆ. ನವಿಲು, ಗುಬ್ಬಿ ಎಂಬ ಚೆಂದದ ಹೆಸರಿನ ಮುಕ್ತ ಫಾಂಟುಗಳೂ ಉಂಟು.

ಎಡವುವುದು ಜೋಡಿಸುವ ಕ್ರಮದಲ್ಲಿ. ಎರಡೂ ಡಿಸ್ಕುಗಳನ್ನು ತಗುಲಿಸಿಟ್ಟು ಲಿನಕ್ಸ್ ಅಳವಡಿಸಲು ಹೊರಟರೆ, ಎಸ್‌ಎಸ್‌ಡಿಯನ್ನೇ ಆರಿಸಿದ್ದರೂ ಬೂಟ್ ಲೋಡರ್ ಹಲವು ಬಾರಿ ಹಾರ್ಡ್ ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಹೋಗಿ ಕೂರುತ್ತದೆ. ಸಂಸಾರ ಹೊಸ ಮನೆಯಲ್ಲಿ, ಬೀಗದ ಕೈ ಹಳೆಯ ಮನೆಯಲ್ಲಿ. ಮುಂದೊಂದು ದಿನ ಹಳೆಯ ಡಿಸ್ಕು ಕಣ್ಣು ಮುಚ್ಚಿದರೆ, ಏನೂ ಕೆಡದ ಹೊಸ ಡಿಸ್ಕೂ ಏಳುವುದಿಲ್ಲ. ಇದಕ್ಕೆ ಪಾಂಡಿತ್ಯ ಬೇಡ: ಮೊದಲು ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ತೆಗೆಯಿರಿ, ಆಮೇಲೆ ಅದರ ಕೇಬಲ್ ಕಳಚಿಡಿ, ಎಸ್‌ಎಸ್‌ಡಿ ಒಂದೇ ಇರುವಾಗ ಲಿನಕ್ಸ್ ಹಾಕಿ, ಮತ್ತೆ ಕೇಬಲ್ ಸೇರಿಸಿ. ಯಾವುದು ಬೇಕೆಂಬುದನ್ನು ಯಂತ್ರ ಏಳುವಾಗ ಎಫ್12 ಒತ್ತಿ (ಕೆಲವು ಮದರ್‌ಬೋರ್ಡುಗಳಲ್ಲಿ ಬೇರೆ ಕೀಲಿ) ಆರಿಸಿಕೊಳ್ಳಬಹುದು. ಅಷ್ಟು ಕಷ್ಟ ಏಕೆ, ಪರದೆಯ ಮೇಲೆ ಅಂದವಾದ ಪಟ್ಟಿ ಬರಲಿ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ತಿಂಗಳಿಗೆರಡು ಸಲ ಒಂದು ಕೀಲಿ ಒತ್ತುವುದನ್ನು ನಾನು ಕಷ್ಟವೆಂದು ಎಣಿಸಿಲ್ಲ.

ಎರಡು ಡಿಸ್ಕುಗಳಿದ್ದ ಮಾತ್ರಕ್ಕೆ ಸರ್ವರಕ್ಷೆ ಸಿಗದು, ಒಪ್ಪುತ್ತೇನೆ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣೆ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಅದು ಬರೆದದ್ದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ. ಹಾಗಾಗಿ ಡಿಸ್ಕು ಬೇರೆಯಾಗಿದ್ದರೂ ಪೆಟ್ಟು ತಪ್ಪುತ್ತಿರಲಿಲ್ಲ. ಆದರೆ ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ಹಳೆಯ ವಿಂಡೋಸಿಗೆ ಅಂತರ್ಜಾಲದ ಸಂಪರ್ಕವೇ ಬೇಡ. ಬೆಂಬಲ ನಿಂತ ವ್ಯವಸ್ಥೆಯನ್ನು ಬೀದಿಗೆ ಬಿಡುವುದು ಹೇಗೂ ಸಲ್ಲದು.

ಇನ್ನೆರಡು ಸಂಗತಿಗಳಿವೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ಆರಿಸಿಡಬೇಕು. ಅದು ಯಂತ್ರವನ್ನು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿಡುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಡಿಸ್ಕಿಗೆ ಬರೆಯಹೋದರೆ ಕಡತಗಳಿಗೇ ಅಪಾಯ. ನನ್ನ ಮಟ್ಟಿಗೆ ಲಿನಕ್ಸ್ ಆ ಡಿಸ್ಕನ್ನು ಓದಬಹುದು, ಬರೆಯಕೂಡದು. ಎರಡನೆಯದು ಗಡಿಯಾರ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ನಂಬಿ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಲಿನಕ್ಸಿನಲ್ಲಿ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ.

ಹಾರ್ಡ್ ಡಿಸ್ಕನ್ನು ಮುದುಕನೆಂದು ತಾತ್ಸಾರ ಮಾಡುವವರಿಗೂ ಒಂದು ಮಾತು. ಅದು ಕೆಡುವ ಮುನ್ನ ಹಲವು ಬಾರಿ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗಿಬಿಡಬಹುದು. ಅದರಲ್ಲಿ ಅಳಿಸಿದ್ದನ್ನು ಮರಳಿ ಪಡೆಯುವುದೂ ಬಹಳ ಕಷ್ಟ. ದುಡಿಮೆ ಹೊಸದರಲ್ಲಿ, ದಾಖಲೆ ಹಳೆಯದರಲ್ಲಿ ಎಂಬ ವಿಂಗಡಣೆಗೆ ಇದೂ ಒಂದು ಕಾರಣ.

ಮುಂದಿನ ಸಭೆಗೆ ನಾನು ಸ್ಕ್ರೂಡ್ರೈವರ್ ಮತ್ತು ಹೊರಗಿನ ಡಿಸ್ಕು ತರುತ್ತೇನೆ. ಫಾರ್ಮ್ಯಾಟ್ ಮಾಡೋಣ ಎನ್ನುವ ಮಿತ್ರರು ತಮ್ಮ ಹೊಸ ಲ್ಯಾಪ್‌ಟಾಪ್ ತರಲಿ. ನಮ್ಮ 2004ರ ಸಂಚಿಕೆಯ ಕಡತವನ್ನು ಅದರಲ್ಲಿ ತೆರೆದು, ಒಂದೇ ಒಂದು ಪುಟವನ್ನು ಸಭೆಗೆ ಓದಿ ಹೇಳಲಿ.