ಗಾಂಜಾ ಔಷಧಕ್ಕೂ ಮಾರ್ಫಿನ್ ಹಾದಿಯೇ ಬೇಕು

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣಾ ನದಿ ದಂಡೆಯಲ್ಲಿರುವ ತಿಂಥಣಿಯಲ್ಲಿ, ಮೌನೇಶ್ವರನ ಜಾತ್ರೆಗೆ ಬಂದವರಿಗೆ ಗಾಂಜಾದ ಸಣ್ಣ ಪೊಟ್ಟಣ ಪ್ರಸಾದವಾಗಿ ಸಿಗುತ್ತದೆಂಬ ವಿಷಯ 2020ರಲ್ಲಿ ಪತ್ರಿಕೆಗಳಲ್ಲಿ ಬಂತು. ಕನ್ನಡ ಚಿತ್ರರಂಗದ ಡ್ರಗ್ಸ್ ಪ್ರಕರಣ ಸದ್ದು ಮಾಡುತ್ತಿದ್ದ ಹೊತ್ತದು. ಬೆಂಗಳೂರಿಗೆ ಇದು ಬೆರಗಿನ ಸುದ್ದಿ. ಅವಧೂತ, ಆರೂಢರ ಪರಂಪರೆಯನ್ನು ಬಲ್ಲ ಆ ಭಾಗದವರಿಗೆ ಹಳೆಯ ಮಾತು. ಆ ಪೊಟ್ಟಣವೂ ಮಾದಕ ವಸ್ತುಗಳನ್ನು ನಿಷೇಧಿಸುವ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅಪರಾಧವೇ: 1 ಕಿಲೋವರೆಗಿನ ಗಾಂಜಾ ಇಟ್ಟುಕೊಂಡವರಿಗೆ 1 ವರ್ಷದವರೆಗೆ ಸಜೆಯಿದೆ. ಆದರೆ ಸಂಪ್ರದಾಯವೆಂದು ವ್ಯವಸ್ಥೆ ಕಂಡೂ ಕಾಣದಂತಿದೆ. ಅದೇ ಜಿಲ್ಲೆಯಲ್ಲಿ ಹತ್ತಿ, ತೊಗರಿ ಸಾಲುಗಳ ನಡುವೆ ನಾಲ್ಕು ಗಿಡ ಎಬ್ಬಿಸಿದ ರೈತನ ಮೇಲೆ ಅದೇ ಕಾಯ್ದೆಯ 20ನೇ ಸೆಕ್ಷನ್ ಬೀಳುತ್ತದೆ. ಬೆಳೆದ ಗಿಡ ನಾಲ್ಕಿರಲಿ, ನಾನೂರಿರಲಿ, 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಭಕ್ತ ಮತ್ತು ರೈತರ ಬಗ್ಗೆ ನಮ್ಮಲ್ಲಿ ಆಗಾಗ ಚರ್ಚೆಯಾದರೂ ಆಗುತ್ತದೆ. ಯಾವ ಗುಳಿಗೆಗೂ ಬಗ್ಗದ ಮೂರ್ಛೆರೋಗದ ಮಗುವಿನ, ಕೀಮೋಥೆರಪಿಯ ವಾಂತಿಯಿಂದ ಸೊರಗಿದ ಕ್ಯಾನ್ಸರ್ ರೋಗಿಯ ಸುದ್ದಿ ಯಾರೂ ಎತ್ತುವುದಿಲ್ಲ.

ಕಾಯ್ದೆ ರೋಗಿಯನ್ನು ಪೂರ್ತಿ ಮರೆತಿಲ್ಲ ಎಂಬುದು ಇಲ್ಲಿನ ಸೋಜಿಗ. 1985ರ ಈ ಕಾಯ್ದೆಯ 8ನೇ ಸೆಕ್ಷನ್, ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಯನ್ನು ನಿಷೇಧದಿಂದ ಹೊರಗಿಟ್ಟಿದೆ. ಚರಸ್ ಬಿಟ್ಟು ಉಳಿದದ್ದಕ್ಕೆ ಅನುಮತಿ ಕೊಡುವ, ನಿಯಂತ್ರಿಸುವ ಅಧಿಕಾರವನ್ನು 10ನೇ ಸೆಕ್ಷನ್ ರಾಜ್ಯಗಳಿಗೆ ಕೊಟ್ಟಿದೆ. ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿ; ಅದರ ಜೊತೆಗಿಲ್ಲದ ಎಲೆ, ಬೀಜ ಈ ವ್ಯಾಖ್ಯೆಗೆ ಸೇರುವುದಿಲ್ಲ. ಹೀಗಾಗಿ ಒಂದೇ ಗಿಡಕ್ಕೆ ಹಲವು ಯಜಮಾನರು. ಬೀಜ ಮತ್ತು ಅದರ ಎಣ್ಣೆಯನ್ನು ಆಹಾರವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿತು. ಎಲೆ, ಅಂದರೆ ಭಂಗಿ, ರಾಜ್ಯಗಳ ಅಬಕಾರಿ ಕಾನೂನಿನ ಪಾಲಾಯಿತು: ರಾಜಸ್ಥಾನ, ಉತ್ತರಪ್ರದೇಶದಲ್ಲಿ ಅದಕ್ಕೆ ಸರ್ಕಾರಿ ಲೈಸೆನ್ಸಿನ ಅಂಗಡಿಗಳಿವೆ, ಮಹಾರಾಷ್ಟ್ರದಲ್ಲಿ ಪಾನನಿಷೇಧ ಕಾಯ್ದೆ ಅಡ್ಡ ನಿಂತಿದೆ. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಭಂಗಿಯ ಪ್ರಕರಣವೊಂದರಲ್ಲಿ ಭಂಗಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಕೊಟ್ಟಿತು. ಉತ್ತರಾಖಂಡ 2018ರಲ್ಲೇ ನಾರಿಗಾಗಿ ಬೆಳೆಯಲು ಲೈಸೆನ್ಸ್ ಕೊಟ್ಟಿದೆ, ನಶೆಯ ಅಂಶ ಶೇ 0.3 ಮೀರಬಾರದೆಂಬ ಷರತ್ತಿನೊಂದಿಗೆ. ಹಿಮಾಚಲದ ವಿಧಾನಸಭೆ 2024ರಲ್ಲಿ ಔಷಧ ಮತ್ತು ಕೈಗಾರಿಕೆಗಾಗಿ ಬೆಳೆಯುವ ಪರ ನಿರ್ಣಯ ಒಪ್ಪಿತು.

ಇಷ್ಟು ವ್ಯತ್ಯಾಸ ಬಂದದ್ದೆಲ್ಲಿಂದ? ಬೊಕ್ಕಸದಿಂದ ಮತ್ತು ರೂಢಿಯಿಂದ, ವೈದ್ಯಶಾಸ್ತ್ರದಿಂದಲ್ಲ ಎಂಬುದು ನನ್ನ ವಾದ. ಬ್ರಿಟಿಷರ ಹೆಂಪ್ ಡ್ರಗ್ಸ್ ಆಯೋಗ 1894ರಲ್ಲಿ ಕೊಟ್ಟ ವರದಿ, ಮಿತ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ನಿಷೇಧಕ್ಕಿಂತ ತೆರಿಗೆ ಮೇಲು ಎಂದಿತು. ಅಬಕಾರಿ ಆಗ ಆಯಾ ಆಡಳಿತದ ಲೆಕ್ಕ; ಯಾದಗಿರಿ, ಶಹಾಪುರ, ಸುರಪುರ ನಿಜಾಮರಿಗೆ ಸೇರಿದ್ದವು, ಬೆಂಗಳೂರು ಮೈಸೂರು ಅರಸರಿಗೆ. ಸಂವಿಧಾನವೂ ಆ ಜಾಡನ್ನು ಬಿಡಲಿಲ್ಲ: ಅಫೀಮು, ಗಾಂಜಾದ ಮೇಲಿನ ಅಬಕಾರಿ ಸುಂಕ ಇಂದಿಗೂ ರಾಜ್ಯಪಟ್ಟಿಯ 51ನೇ ನಮೂದು. ಹಿಮಾಚಲದ ಚರ್ಚೆಯಲ್ಲೂ ಆದಾಯದ ಲೆಕ್ಕವೇ ಎದ್ದು ಕೇಳಿಸಿತು. ಸುಂಕ, ನಾರು, ಹೋಳಿಯ ತಂಡಾಯಿ ರಾಜ್ಯಕ್ಕೊಂದು ರೀತಿ ಇದ್ದರೆ ಯಾರ ಗಂಟೂ ಹೋಗುವುದಿಲ್ಲ. ಔಷಧವೂ ಅದೇ ಗಾಡಿಗೆ ಕಟ್ಟಿಕೊಂಡದ್ದೇ ತಪ್ಪು.

ಇದರ ಫಲ ಏನೆಂದು ಅಫೀಮಿನಿಂದ ಬರುವ ನೋವುನಿವಾರಕ ಮಾರ್ಫಿನ್ ಒಮ್ಮೆ ತೋರಿಸಿಕೊಟ್ಟಿದೆ. 2014ಕ್ಕೆ ಮುಂಚೆ ಮಾರ್ಫಿನ್ ನಿಯಮಗಳು ರಾಜ್ಯಕ್ಕೊಂದು ಬಗೆ ಇದ್ದವು. ಒಂದು ಆಸ್ಪತ್ರೆ ಹಲವು ಲೈಸೆನ್ಸ್ ಪಡೆಯಬೇಕು; ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಸತ್ತರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಉಪಶಮನ ಆರೈಕೆಯ ಇತರರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ ಸಂಸತ್ತು ಕಾಯ್ದೆ ತಿದ್ದಿ ‘ಅವಶ್ಯಕ ಮಾದಕ ಔಷಧ’ ಎಂಬ ವರ್ಗ ಸೃಷ್ಟಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು. ತರಬೇತಿ ಪಡೆದ ವೈದ್ಯರು, ಸರಿಯಾದ ರಿಜಿಸ್ಟರ್, ರಾಜ್ಯ ಔಷಧ ನಿಯಂತ್ರಕರ ಮಾನ್ಯತೆ ಇದ್ದರೆ ಆಸ್ಪತ್ರೆಗೆ ಅಷ್ಟು ಸಾಕು. ಆ ಪಟ್ಟಿಗೆ ಗಾಂಜಾಮೂಲದ ಯಾವ ಔಷಧವೂ ಸೇರಲಿಲ್ಲ. ಉಳಿದದ್ದು ಆಯುಷ್ ದಾರಿ ಒಂದೇ. ಆಯುರ್ವೇದ ಇದನ್ನು ‘ವಿಜಯಾ’ ಎಂದು ಬಲ್ಲದು. ಔಷಧ ನಿಯಮಗಳ ಇ-1 ಷೆಡ್ಯೂಲ್ ಇದನ್ನು ವಿಷದ್ರವ್ಯಗಳ ಸಾಲಿನಲ್ಲಿಟ್ಟು, ವೈದ್ಯರ ನಿಗಾದಲ್ಲೇ ಕೊಡಬೇಕೆನ್ನುತ್ತದೆ. ಎಲೆಯ ಸಾರದಿಂದ ಮಾಡಿದ ತೈಲ ಬೇರೊಂದು ರಾಜ್ಯದ ಲೈಸೆನ್ಸಿನಲ್ಲಿ ತಯಾರಾಗಿ, ವಿಡಿಯೊ ಕರೆಯ ಚೀಟಿಯ ಮೇಲೆ ಕೊರಿಯರಿನಲ್ಲಿ ಬರುತ್ತದೆ. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇದಕ್ಕೆಂದೇ ಕ್ಲಿನಿಕ್ ಕೂಡ ತೆರೆಯಿತು. ಕೋರಮಂಗಲದವರಿಗೆ ಅದು ಆಟೊ ದೂರ, ಶಹಾಪುರದವರಿಗೆ ಒಂದು ರಾತ್ರಿಯ ಬಸ್ಸು. ದುಡ್ಡು, ಇಂಗ್ಲಿಷು, ಇಂಟರ್‌ನೆಟ್ಟು ಇದ್ದವರಿಗೆ ದಕ್ಕುವ ಔಷಧ ಜಿಲ್ಲಾಸ್ಪತ್ರೆಯ ಸರತಿಯಲ್ಲಿ ನಿಂತವರಿಗೆ ದಕ್ಕದು.

ಆರೋಗ್ಯ ರಾಜ್ಯದ ವಿಷಯ, ದಿಲ್ಲಿಯ ಕೈಗೆ ಯಾಕೆ ಎಂದು ಕೇಳಬಹುದು. ಆಸ್ಪತ್ರೆ ರಾಜ್ಯದ್ದು ನಿಜ. ಆದರೆ ಔಷಧ ಮತ್ತು ವಿಷ ಸಮವರ್ತಿ ಪಟ್ಟಿಯ 19ನೇ ನಮೂದು. ಅಮೆರಿಕವನ್ನು ನೋಡಿ: ಕ್ಯಾಲಿಫೋರ್ನಿಯಾ 1996ರಲ್ಲೇ ವೈದ್ಯಕೀಯ ಬಳಕೆಗೆ ಒಪ್ಪಿದರೂ, ಅದೇ ಔಷಧ ಹಿಡಿದು ರಾಜ್ಯದ ಗಡಿ ದಾಟುವುದು ಒಕ್ಕೂಟ ಸರ್ಕಾರದ ಕಾನೂನಿಗೆ ವಿರುದ್ಧ. ರಾಜ್ಯದ ಗಡಿಯಾಚೆಯ ನಾರಾಯಣಪೇಟೆಗೋ ಸೊಲ್ಲಾಪುರಕ್ಕೋ ಆಸ್ಪತ್ರೆಗೆಂದು ಓಡಾಡುವ ಯಾದಗಿರಿ ಜಿಲ್ಲೆಯ ಮನೆಗಳಿಗೆ ಆ ಪಾಡು ಬೇಡ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಔಷಧದ ಹೆಸರಲ್ಲಿ ಬಾಗಿಲು ತೆರೆದರೆ ಹತ್ತಿ ಹೊಲದ ಗಾಂಜಾವೇ ಔಷಧವಾಗಿ ಮಾರಾಟವಾದೀತು. ಈ ಭಯ ಬರೀ ಕಲ್ಪನೆಯಲ್ಲ. 2022ರಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದ ಥಾಯ್ಲೆಂಡ್‌ನಲ್ಲಿ ಬೀದಿಬೀದಿಗೂ ಅಂಗಡಿಗಳೆದ್ದವು. 2025ರಲ್ಲಿ ಸರ್ಕಾರ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು. ಅದಕ್ಕೇ ಮಾರ್ಫಿನ್ ಮಾದರಿ ಎನ್ನುವುದು. ಅದು ಗಿಡಕ್ಕೆ ಬಾಗಿಲು ತೆರೆಯುವುದಿಲ್ಲ, ಅಳತೆಯಿರುವ ಔಷಧಕ್ಕಷ್ಟೇ ತೆರೆಯುತ್ತದೆ. ಹೊಲದ ಗಾಂಜಾದಲ್ಲಿ ನಶೆಯ ಅಂಶವೆಷ್ಟು, ಸಿಂಪಡಿಸಿದ ಕೀಟನಾಶಕವೆಷ್ಟು ಎಂದು ಬೆಳೆದವನಿಗೂ ಗೊತ್ತಿರದು.

ಪುರಾವೆ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಹಗುರಾಗಿ ತಳ್ಳುವಂತಿಲ್ಲ. ಲೆನಾಕ್ಸ್-ಗಸ್ಟಾಟ್, ಡ್ರವೆ ಎಂಬ ಮಕ್ಕಳ ತೀವ್ರ ಮೂರ್ಛೆರೋಗಗಳಿಗೆ ಗಾಂಜಾಮೂಲದ ಕ್ಯಾನಬಿಡಯಾಲ್ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿತು. ಅಲ್ಲಿ ಪುರಾವೆ ಗಟ್ಟಿಯಿದೆ. ಕೀಮೋಥೆರಪಿಯ ವಾಂತಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಬಿಗಿತಕ್ಕೆ ತಕ್ಕಮಟ್ಟಿಗೆ ಇದೆ. ದೀರ್ಘಕಾಲದ ನೋವಿಗೆ ಸಿಗುವ ಪ್ರಯೋಜನ ಅಲ್ಪ. ನಿದ್ರೆ, ಆತಂಕ, ಮಧುಮೇಹಕ್ಕೆಲ್ಲ ರಾಮಬಾಣವೆಂಬ ಜಾಹೀರಾತಿನ ಮಾತನ್ನು ನಂಬಲು ಕಾರಣಗಳಿಲ್ಲ. ಹಾಗಾಗಿ ಪಟ್ಟಿ ಚಿಕ್ಕದಿರಲಿ, ಕಾಯಿಲೆಗಳನ್ನು ಹೆಸರಿಸಿಯೇ ಇರಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. ‘ಮಾದಕ ಔಷಧ’ದ ವ್ಯಾಖ್ಯೆಯಲ್ಲಿ ಗಾಂಜಾ ಮೊದಲೇ ಇದೆ, ಅವುಗಳಲ್ಲಿ ಯಾವುದು ‘ಅವಶ್ಯಕ’ ಎಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು 2014ರ ತಿದ್ದುಪಡಿ ಕೇಂದ್ರಕ್ಕೆ ಕೊಟ್ಟಾಗಿದೆ. ಅದೊಂದು ಆದರೆ, ಮಾರ್ಫಿನ್‌ಗೆ ಮಾನ್ಯತೆ ಪಡೆದ ಯಾವ ಜಿಲ್ಲಾಸ್ಪತ್ರೆಯಾದರೂ ಅದೇ ಬೀಗದ ಕಪಾಟಿನಲ್ಲಿ, ಅದೇ ರಿಜಿಸ್ಟರಿನ ಲೆಕ್ಕದಲ್ಲಿ ಈ ಔಷಧವನ್ನೂ ಇಟ್ಟು ಕೊಡಬಹುದು. ತಿಂಥಣಿಯ ಪ್ರಸಾದ, ಹೊಲದ ನಾಲ್ಕು ಗಿಡದ ಶಿಕ್ಷೆ ಬೇರೆಯೇ ಚರ್ಚೆ. ಅವು ಇತ್ಯರ್ಥವಾಗುವವರೆಗೆ ಆ ಮಗು ಕಾಯಬೇಕಿಲ್ಲ.